ಬೆಕ್ಕಿನಿಂದ ಮನೆಮಂದಿಗೆ ಹುಳುಕಡ್ಡಿ: ಸೋಂಕಿನ ಸುತ್ತನ್ನು ಮುರಿಯುವುದು ಹೇಗೆ?

ಮನೆಗೆ ಹೊಸದಾಗಿ ಬಂದ ಬೆಕ್ಕಿನ ಮರಿಯ ಕಿವಿಯಂಚಿನಲ್ಲಿ ಕಾಸಿನಗಲದಷ್ಟು ಕೂದಲು ಉದುರಿರುತ್ತದೆ. ಅದನ್ನು ಎತ್ತಿ ಮುದ್ದಾಡಿದ ಮಗುವಿನ ಮುಂಗೈಯಲ್ಲಿ ಒಂದೆರಡು ವಾರಗಳೊಳಗೆ ಕೆಂಪು ಉಂಗುರವೊಂದು ಮೂಡುತ್ತದೆ. ಅದರ ಅಂಚು ಉಬ್ಬಿ ಹೊಟ್ಟೇಳುತ್ತದೆ, ನಡುಭಾಗ ತಿಳಿಯಾಗಿರುತ್ತದೆ, ಜೊತೆಗೆ ಬಿಡದ ತುರಿಕೆ. ಹುಳುಕಡ್ಡಿ ಅಥವಾ ಗಜಕರ್ಣವೆಂದು ನಾವು ಕರೆಯುವುದು ಇದನ್ನೇ. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ. ಚರ್ಮ, ಕೂದಲು ಮತ್ತು ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನೇ ಆಹಾರ ಮಾಡಿಕೊಳ್ಳುವ ಶಿಲೀಂಧ್ರಗಳು ಇದಕ್ಕೆ ಕಾರಣವೆಂಬುದು 1840ರ ದಶಕದಿಂದಲೇ ತಿಳಿದಿದೆ. ಮನುಷ್ಯರಿಗೊಂದು, ಪ್ರಾಣಿಗಳಿಗೊಂದು, ಮನೆಗೊಂದು ಎಂದು ಬೇರೆ ಬೇರೆ ಕಾಲದಲ್ಲಿ ಚಿಕಿತ್ಸೆ ನಡೆಸಿದರೆ ಈ ಸೋಂಕು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಮೂರೂ ಕೆಲಸಗಳು ಏಕಕಾಲದಲ್ಲಿ ಆಗಬೇಕು.

ಮೊದಲು ಮೂಲವನ್ನು ಪತ್ತೆಹಚ್ಚಬೇಕು. ಬೆಕ್ಕು, ನಾಯಿಗಳಿಂದ ಬರುವುದು ಹೆಚ್ಚಾಗಿ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಶಿಲೀಂಧ್ರ. ಕರುಗಳ ಕಣ್ಣಿನ ಸುತ್ತ ಬೂದುಬಣ್ಣದ ದಪ್ಪ ಹೊಪ್ಪಳೆಯಾಗಿ ಕಾಣಿಸುವುದು ಟ್ರೈಕೋಫೈಟಾನ್ ವೆರುಕೋಸಮ್. ಇಲಿ, ಗಿನಿಯಿಲಿ, ಮೊಲಗಳಿಂದ ಬರುವ ಜಾತಿ ಮತ್ತೊಂದು. ಆದ್ದರಿಂದ ವೈದ್ಯರ ಬಳಿ ಹೋದಾಗ ಅವರು ಕೇಳದಿದ್ದರೂ ಮನೆಯಲ್ಲಿ ಯಾವ ಪ್ರಾಣಿಗಳಿವೆ ಎಂಬುದನ್ನು ನೀವೇ ಹೇಳಿ. ಮಗುವಿನ ತಲೆಗೆ ತಗಲಿದ ಮೈಕ್ರೋಸ್ಪೋರಮ್‌ಗೆ ಗ್ರೈಸಿಯೋಫಲ್ವಿನ್ ಮಾತ್ರೆ ಹೆಚ್ಚು ಪರಿಣಾಮಕಾರಿ, ಟರ್ಬಿನಾಫಿನ್ ಅಷ್ಟಾಗಿ ಅಲ್ಲ; ಮೂಲ ತಿಳಿಯದೆ ಈ ಆಯ್ಕೆ ಕಷ್ಟ. ಪ್ರಾಣಿಮೂಲದ ಶಿಲೀಂಧ್ರಕ್ಕೆ ನಮ್ಮ ದೇಹ ತೀವ್ರವಾಗಿ ಪ್ರತಿಕ್ರಿಯಿಸುವುದೂ ಉಂಟು. ಆಗ ತಲೆಯಲ್ಲಿ ಕೀವು ಜಿನುಗುವ ಮೆತ್ತನೆಯ ಗಡ್ಡೆ ಏಳುತ್ತದೆ, ಅದನ್ನು ಕೆರಿಯಾನ್ ಎನ್ನುತ್ತಾರೆ. ಕುರುವೆಂದು ತಪ್ಪಾಗಿ ತಿಳಿದು ಅದನ್ನು ಕುಯ್ಯಿಸಬಾರದು.

ಎರಡನೆಯದು ಪ್ರಾಣಿಯ ತಪಾಸಣೆ. ಮೂತಿ, ಕಿವಿ, ಮುಂಗಾಲುಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಿದರೆ ಬೋಳು ಜಾಗದ ಅಂಚಿನಲ್ಲಿ ಕೂದಲು ಬುಡಸಮೇತ ಕಿತ್ತುಬಂದಿರದೆ, ನಾಲ್ಕು ದಿನದ ಗಡ್ಡದಂತೆ ಮೊಟಕಾಗಿ ಮುರಿದಿರುವುದು ಕಾಣುತ್ತದೆ. ಪಶುವೈದ್ಯರು ವುಡ್ಸ್ ದೀಪದ ನೇರಳಾತೀತ ಬೆಳಕು ಹಾಯಿಸಿದಾಗ ಮೈಕ್ರೋಸ್ಪೋರಮ್ ಕ್ಯಾನಿಸ್ ತಗಲಿದ ಕೂದಲ ಕಡ್ಡಿ ಸೇಬಿನ ಹಸಿರಿನಂತೆ ಹೊಳೆಯಬಹುದು. ಹೊಟ್ಟು, ಮುಲಾಮುಗಳೂ ಹೊಳೆಯುತ್ತವೆ. ದನಗಳ ಹುಳುಕಡ್ಡಿ ಹೊಳೆಯುವುದೇ ಇಲ್ಲ. ಹೀಗಾಗಿ ದೀಪವನ್ನಷ್ಟೇ ನಂಬುವಂತಿಲ್ಲ. ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಪ್ರಾಣಿಯ ಮೈಯನ್ನೆಲ್ಲ ಬಾಚಿ, ಅದಕ್ಕಂಟಿದ ಕೂದಲನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಸರಳ ವಿಧಾನ ಇಂದಿಗೂ ಬಳಕೆಯಲ್ಲಿದೆ. ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಯಾವ ಲಕ್ಷಣವೂ ಇಲ್ಲದ ಬೆಕ್ಕಿನ ಮೈಮೇಲೂ ಶಿಲೀಂಧ್ರವನ್ನು ಹರಡುವ ಬೀಜಕಣಗಳಿರಬಹುದಾದ್ದರಿಂದ ಮನೆಯ ಎಲ್ಲ ಪ್ರಾಣಿಗಳನ್ನೂ ಪರೀಕ್ಷಿಸಬೇಕು.

ಮನುಷ್ಯರ ಚಿಕಿತ್ಸೆಯಲ್ಲಿ ಆಗುವ ಅತಿ ದೊಡ್ಡ ತಪ್ಪೆಂದರೆ ಸ್ಟೀರಾಯ್ಡ್ ಬೆರೆತ ಮುಲಾಮು. ಅದನ್ನು ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಂತು, ಕೆಂಪು ಇಳಿದು, ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ; ಒಳಗೆ ಶಿಲೀಂಧ್ರ ನಿರಾತಂಕವಾಗಿ ಹರಡಿ, ಉಂಗುರದ ಆಕಾರವೇ ಅಳಿಸಿಹೋಗಿ, ಮುಂದೆ ನೋಡುವ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರನಾಶಕ ಮುಲಾಮನ್ನು ಉಂಗುರದ ಅಂಚಿನಾಚೆ ಎರಡು ಸೆಂಟಿಮೀಟರ್‌ವರೆಗೂ ಹಚ್ಚಬೇಕು, ಕಲೆ ಮಾಯವಾದ ಮೇಲೂ ವೈದ್ಯರು ಹೇಳಿದಷ್ಟು ದಿನ ಮುಂದುವರಿಸಬೇಕು. ತಲೆಯ ಸೋಂಕಿಗೆ ಮುಲಾಮು ಸಾಲದು, ಏಕೆಂದರೆ ಅದು ಕೂದಲ ಬುಡಕ್ಕೆ ಇಳಿಯುವುದಿಲ್ಲ; ವಾರಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ.

ಬೆಕ್ಕಿಗೆ ಸಾಮಾನ್ಯವಾಗಿ ಇಟ್ರಾಕೊನಜೋಲ್ ಔಷಧದ ಜೊತೆಗೆ ವಾರಕ್ಕೆರಡು ಬಾರಿ ಸುಣ್ಣ-ಗಂಧಕದ ದ್ರಾವಣದ ಸ್ನಾನವನ್ನು ಸೂಚಿಸುತ್ತಾರೆ. ಕೊಳೆತ ಮೊಟ್ಟೆಯ ನಾತ ಮನೆಯಿಡೀ ಹಬ್ಬುತ್ತದೆ, ಬಿಳಿ ಬೆಕ್ಕು ಹಳದಿಯಾಗುತ್ತದೆ. ಆದರೆ ಮೈಮೇಲಿನ ಬೀಜಕಣಗಳನ್ನು ಕೊಲ್ಲುವುದು ಈ ಸ್ನಾನವೇ, ಮಾತ್ರೆಯಲ್ಲ. ಅಷ್ಟೂ ದಿನ ಬೆಕ್ಕನ್ನು ಸುಲಭವಾಗಿ ಒರೆಸಬಹುದಾದ ಒಂದು ಕೋಣೆಯಲ್ಲಿಡಿ. ಬೇಸತ್ತು ಅದನ್ನು ಬೇರೆಯವರಿಗೆ ಕೊಟ್ಟುಬಿಡುವವರಿದ್ದಾರೆ. ಸೋಂಕಿನ ವಿಳಾಸ ಬದಲಾಗುತ್ತದೆ, ಅಷ್ಟೆ.

ಉದುರಿದ ಕೂದಲಿನಲ್ಲಿರುವ ಬೀಜಕಣಗಳು ಒಣ ವಾತಾವರಣದಲ್ಲಿ 18 ತಿಂಗಳವರೆಗೂ ಉಳಿಯಬಲ್ಲವು. ಹಾಗೆಂದು ಗಾಬರಿಯಾಗಬೇಕಿಲ್ಲ, ಸಾಬೂನು ನೀರಿನಲ್ಲಿ ಚೆನ್ನಾಗಿ ಉಜ್ಜಿದರೆ ಬಹುಪಾಲು ಹೋಗುತ್ತವೆ. ಮೊದಲು ಕೂದಲನ್ನು ತೆಗೆದು, ನಂತರ ನೆಲ ತೊಳೆದು, ಕೊನೆಗೆ ನೀರು ಬೆರೆಸಿದ ಬ್ಲೀಚ್ ಹಚ್ಚಿ ಹತ್ತು ನಿಮಿಷ ಬಿಡಿ. ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡದು, ಬೇರೆ ಶುಚಿಕಾರಕದೊಡನೆ ಅದನ್ನು ಬೆರೆಸುವುದು ಅಪಾಯಕರ. ಹೊದಿಕೆಗಳನ್ನು ಯಂತ್ರದಲ್ಲಿ ಒತ್ತಿ ತುಂಬದೆ ಎರಡು ಸಲ ಒಗೆಯಿರಿ.

ಪ್ರಾಣಿಗಳ ಆಶ್ರಯತಾಣ, ಹೈನುಗಾರಿಕೆಯ ಕೊಟ್ಟಿಗೆ, ಶಾಲೆಗಳಲ್ಲಿ ಇದು ಮನೆಯ ಸಮಸ್ಯೆಯಾಗಿ ಉಳಿಯದೆ ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗುತ್ತದೆ. ಜೀವಕ್ಕೆ ಎರವಾಗುವುದು ತೀರಾ ಅಪರೂಪವಾದ್ದರಿಂದ ಇದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮನಸ್ಸು ಮಾಡಿದರೆ ತಡೆಯಬಹುದೆಂಬುದಕ್ಕೆ ನಾರ್ವೆಯ ಉದಾಹರಣೆಯಿದೆ: ಅಲ್ಲಿ ದನಗಳಿಗೆ ವ್ಯವಸ್ಥಿತವಾಗಿ ಲಸಿಕೆ ಹಾಕಿ ರೋಗವನ್ನು ಬಹುತೇಕ ಹತ್ತಿಕ್ಕಲಾಯಿತು. ಇತ್ತ ಮನುಷ್ಯರಿಂದ ಮನುಷ್ಯರಿಗೆ ಹರಡುವ ಟ್ರೈಕೋಫೈಟಾನ್ ಇಂಡೊಟಿನಿಯೆ ಎಂಬ ಜಾತಿ ಟರ್ಬಿನಾಫಿನ್‌ಗೂ ಜಗ್ಗದಂತಾಗಿದೆ. ಚಿಕಿತ್ಸೆಗೆ ಬಗ್ಗದ ಪ್ರತಿ ಉಂಗುರಕ್ಕೂ ಬೆಕ್ಕನ್ನೇ ದೂರುವಂತಿಲ್ಲ ಎಂಬುದಕ್ಕಾಗಿ ಈ ಮಾತು.

ಕೂದಲು ಮತ್ತೆ ಬೆಳೆದ ಮಾತ್ರಕ್ಕೆ ಬೆಕ್ಕಿನ ಔಷಧ ನಿಲ್ಲಿಸಬೇಡಿ. ಬ್ರಷ್‌ನಲ್ಲಿ ಬಾಚಿದ ಕೂದಲಿನಿಂದ ಪ್ರಯೋಗಾಲಯದ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲವೆಂದು ಪಶುವೈದ್ಯರು ಹೇಳಿದ ಮೇಲೆ, ಕೆಲವೊಮ್ಮೆ ಎರಡನೆಯ ಪರೀಕ್ಷೆಯೂ ಮುಗಿದ ಮೇಲೆ, ಕೋಣೆಯ ಬಾಗಿಲು ತೆರೆದು ಅದನ್ನು ಹೊರಗೆ ಬಿಡಬಹುದು.