ಕೊಡಗಿನ ಘಾಟಿಯಲ್ಲಿ ಸ್ಪೋರ್ಟ್ಸ್ ಕಾರು: ಗೇರ್ ಹೇಗೆ ಹಿಡಿಯೋದು, ದುಡ್ಡು ಮೊದಲು ಎಲ್ಲಿ ಹಾಕೋದು

ಪೋಲೋ ಜಿಟಿ, ವರ್ಟಸ್ ಜಿಟಿ, ಐ20 ಎನ್ ಲೈನ್, ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ವಿಆರ್‌ಎಸ್, ಕೈ ಬಿಗಿ ಇಲ್ದಿದ್ರೆ ಮಿನಿ ಕೂಪರ್ ಎಸ್ಸೋ ಗಾಲ್ಫ್ ಜಿಟಿಐಯೋ, ನಮ್ಮ ಕಡೆ ಇಂಥ ಗಾಡಿ ತಗೊಂಡ ಹುಡುಗರು ಮೊದಲ ತಿಂಗಳಲ್ಲೇ ಕೇಳೋದು "ಅಣ್ಣಾ, ರೀಮ್ಯಾಪ್ ಎಲ್ಲಿ ಮಾಡಿಸ್ಲಿ?" ಅಂತ, ಅಂದ್ರೆ ಇಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಪವರ್ ಹೆಚ್ಚಿಸೋದು. ನಾನು ಹೇಳೋದು ಇಷ್ಟೇ, ಮೊದಲು ಮಡಿಕೇರಿಯಿಂದ ಸಂಪಾಜೆಗೆ ಒಂದ್ಸಲ ಇಳಿದು ಬಾ, ಕೆಳಗೆ ತಲುಪಿದಾಗ ಬ್ರೇಕ್ ಪೆಡಲ್ ಮೇಲಿಂದ ಹೊರಟಾಗ ಇದ್ದಷ್ಟೇ ಗಟ್ಟಿ ಇತ್ತಾ ಹೇಳು, ರೀಮ್ಯಾಪ್ ಮಾತು ಆಮೇಲೆ. ಕೊಡಗಲ್ಲಿ ಗಾಡಿ ಹತ್ತಿಸೋಕೆ 100 ಪಿಎಸ್ (ಹೆಚ್ಚುಕಡಿಮೆ 100 ಹಾರ್ಸ್‌ಪವರ್) ಇದ್ರೂ ಧಾರಾಳ ಸಾಕು, ಇಳಿಸೋಕೆ ಬೇಕಾಗಿರೋದು ಟೈರು, ಬ್ರೇಕು, ಸರಿಯಾದ ಗೇರು. ಮ್ಯಾನ್ಯುಯಲ್ ಆಗ್ಲಿ ಆಟೋಮ್ಯಾಟಿಕ್ ಆಗ್ಲಿ ಈ ಲೆಕ್ಕ ಬದಲಾಗಲ್ಲ, ಗೇರ್ ಹಿಡಿಯೋ ರೀತಿ ಮಾತ್ರ ಬೇರೆ.

ಮ್ಯಾನ್ಯುಯಲ್‌ನಿಂದ ಶುರು ಮಾಡ್ತೀನಿ. ಈಗಿನ ಸಣ್ಣ ಟರ್ಬೊ (ಗಾಳಿ ಒತ್ತಿ ತುಂಬಿ ಪವರ್ ಹೆಚ್ಚಿಸೋ) ಇಂಜಿನ್‌ಗಳಿಗೆ ಸುಮಾರು 1,800 ಆರ್‌ಪಿಎಂ ಕೆಳಗೆ ಜೀವ ಇರಲ್ಲ, ಏರಿನ ತಿರುವಲ್ಲಿ ಮೂರನೇ ಗೇರಲ್ಲೇ ಎಳೆಸ್ತೀನಿ ಅಂತ ಹೋದ್ರೆ ಗಾಡಿ ಗೊಣಗುತ್ತೆ, ನೀವು ಆಕ್ಸಲರೇಟರ್ ಪೂರ್ತಿ ಒತ್ತುತ್ತೀರ, ತಿರುವಿನ ಅರ್ಧದಲ್ಲಿ ಟರ್ಬೊ ಒಮ್ಮೆಗೇ ಎದ್ದು ಮುಂದಿನ ಚಕ್ರ ಜಾರುತ್ತೆ. ಅದಕ್ಕೇ ತಿರುವಿಗೆ ಮೊದಲೇ, ಸ್ಟೀರಿಂಗ್ ಇನ್ನೂ ನೇರ ಇರುವಾಗ್ಲೇ ಬ್ರೇಕ್ ಮುಗಿಸಿ ಎರಡಕ್ಕೆ ಬಂದ್ಬಿಡಿ. ಮೂರರಲ್ಲಿ 2,000 ಇದ್ದ ಆರ್‌ಪಿಎಂ ಎರಡಕ್ಕೆ ಬಂದಾಗ ಹೆಚ್ಚುಕಡಿಮೆ 3,000 ಆಗುತ್ತೆ, ಆ ವ್ಯತ್ಯಾಸವನ್ನ ನಿಮ್ಮ ಬಲಗಾಲು ತುಂಬ್ಬೇಕು. ಅಂದ್ರೆ ಕ್ಲಚ್ ಒತ್ತಿ, ಲಿವರ್ ಎರಡಕ್ಕೆ ತರ್ತಾ ಆಕ್ಸಲರೇಟರ್‌ಗೆ ಒಂದು ಸಣ್ಣ ತಟ್ಟು, ಆಮೇಲೆ ಕ್ಲಚ್ ಬಿಡೋದು. ಸರಿಯಾಗಿ ಆದ್ರೆ ಪಕ್ಕದಲ್ಲಿ ಕೂತವರಿಗೆ ಗೇರ್ ಬದಲಾಗಿದ್ದೇ ಗೊತ್ತಾಗಲ್ಲ, ತಪ್ಪಾದ್ರೆ ಗಾಡಿ ಮೂಗು ತಗ್ಗಿಸಿ ಜಗ್ಗುತ್ತೆ. ಒದ್ದೆ ರಸ್ತೆಯಲ್ಲಿ ಆ ಜಗ್ಗಿಗೇ ಡ್ರೈವ್ ಚಕ್ರ ಹಿಡಿತ ಬಿಡೋದು ಉಂಟು. ಬಲಪಾದದ ಮುಂಭಾಗ ಬ್ರೇಕ್ ಮೇಲೆ ಇಟ್ಕೊಂಡೇ ಅದರ ಅಂಚಲ್ಲಿ ಆಕ್ಸಲರೇಟರ್ ತಟ್ಟೋ ಹೀಲ್ ಅಂಡ್ ಟೋ ಆಮೇಲಿನ ಪಾಠ, ಮೊದಲು ಬ್ರೇಕ್ ಇಲ್ದೆ ಬರೀ ಈ ತಟ್ಟನ್ನ ಕುಶಾಲನಗರದ ಕಡೆಯ ಸಪಾಟು ರಸ್ತೆಯಲ್ಲಿ ಕಾಲಿಗೆ ರೂಢಿ ಮಾಡ್ಕೊಳ್ಳಿ.

ಇಳಿಜಾರಿಗೆ ನಮ್ಮ ಹಳೇ ಲಾರಿ ಡ್ರೈವರ್‌ಗಳು ಹೇಳೋ ಮಾತೇ ಕೊನೆ, ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಇಳಿಸೋರು ಈಗ್ಲೂ ಇದ್ದಾರೆ, ದಯವಿಟ್ಟು ಬೇಡ. ಇಂಜೆಕ್ಷನ್ ಗಾಡಿಯಲ್ಲಿ ಗೇರಲ್ಲಿಟ್ಟು ಆಕ್ಸಲರೇಟರ್ ಬಿಟ್ರೆ ಇಂಧನ ಪೂರ್ತಿ ಕಟ್ ಆಗುತ್ತೆ, ನ್ಯೂಟ್ರಲ್ ಮಾಡಿದ್ರೆ ಐಡ್ಲಿಂಗ್‌ಗೆ ಸುಡ್ತಾನೇ ಇರುತ್ತೆ, ಹಾಗಾಗಿ ಉಳಿತಾಯನೂ ಇಲ್ಲ, ಇಂಜಿನ್ ಹಿಡಿತನೂ ಇಲ್ಲ. ಇನ್ನು ದಸರಾ ಟೈಮಲ್ಲಿ ಮಡಿಕೇರಿ ಪೇಟೆಯ ಏರಲ್ಲಿ ಜಾಮ್ ಆದಾಗ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸ್ಬೇಡಿ, ಹ್ಯಾಂಡ್‌ಬ್ರೇಕ್ ಎಳೆದು ಕ್ಲಚ್‌ನಿಂದ ಕಾಲು ತೆಗೀರಿ.

ಆಟೋಮ್ಯಾಟಿಕ್ ಅಂದ ತಕ್ಷಣ ಎಲ್ಲಾ ಒಂದೇ ಅನ್ಕೋಬಾರ್ದು, ಒಳಗೇನಿದೆ ಅಂತ ಮೊದಲು ತಿಳ್ಕೊಳ್ಳಿ. ಹಳೇ 1.2 ಪೋಲೋ ಜಿಟಿ ಟಿಎಸ್‌ಐನಲ್ಲೂ ಈಗಿನ ವರ್ಟಸ್ ಜಿಟಿಯ 1.5ರಲ್ಲೂ ಇರೋದು ಏಳು ಗೇರಿನ ಡಿಕ್ಯೂ200 ಡಿಎಸ್‌ಜಿ, ಅಂದ್ರೆ ಎರಡು ಕ್ಲಚ್‌ಗಳನ್ನ ತಾನೇ ಹಾಕಿ ಬಿಡೋ ಗೇರ್‌ಬಾಕ್ಸ್, ಅದರ ಎರಡೂ ಕ್ಲಚ್ ಡ್ರೈ, ಅಂದ್ರೆ ಬಿಸಿ ಎಳೆದುಕೊಳ್ಳೋಕೆ ಕ್ಲಚ್ ಸುತ್ತ ಎಣ್ಣೆ ಇಲ್ಲ. ಹಳೇ ಆಕ್ಟೇವಿಯಾ ವಿಆರ್‌ಎಸ್ 230ರ ಆರು ಗೇರಿನ ಡಿಕ್ಯೂ250 ವೆಟ್ ಕ್ಲಚ್, ಎಣ್ಣೆಯಲ್ಲಿ ಮುಳುಗಿರುತ್ತೆ, ಬಿಸಿ ತಡ್ಕೊಳ್ಳುತ್ತೆ, ಆದ್ರೆ 60,000 ಕಿಲೋಮೀಟರ್‌ಗೆ ಎಣ್ಣೆ ಮತ್ತೆ ಫಿಲ್ಟರ್ ಬದಲಾಯಿಸ್ಲೇಬೇಕು, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಆ ಬಿಲ್ ಕೇಳಿ ನೋಡಿ. 1.0 ಟಿಎಸ್‌ಐ ಪೋಲೋ ಆಟೋಮ್ಯಾಟಿಕ್, ಬಿಎಂಡಬ್ಲ್ಯೂಗಳ ಎಂಟು ಗೇರಿನ ಜೆಡ್‌ಎಫ್ ಇವೆಲ್ಲ ಟಾರ್ಕ್ ಕನ್ವರ್ಟರ್, ಅಂದ್ರೆ ಕ್ಲಚ್ ಬದಲು ಎಣ್ಣೆ ಮೂಲಕ ಶಕ್ತಿ ದಾಟಿಸೋವು, ಏರಲ್ಲಿ ತೆವಳೋಕೆ ಇವಕ್ಕಿಂತ ಸಮಾಧಾನದ ಗೇರ್‌ಬಾಕ್ಸ್ ಇನ್ನೊಂದಿಲ್ಲ.

ಡ್ರೈ ಕ್ಲಚ್ ಡಿಎಸ್‌ಜಿ ಇರೋರು ಒಂದು ಅಭ್ಯಾಸ ಇವತ್ತೇ ಬಿಡಿ. ಏರಲ್ಲಿ ಮುಂದೆ ಬಸ್ ನಿಂತಾಗ ಬ್ರೇಕ್ ಬಿಟ್ಟು ಆಕ್ಸಲರೇಟರ್ ತುಸು ಒತ್ತಿಟ್ಕೊಂಡು ಗಾಡಿನ ಹಿಂದೆ ಹೋಗದ ಹಾಗೆ ತಡೆದು ಇಡೋದು, ಅದು ಮ್ಯಾನ್ಯುಯಲ್‌ನ ಹಾಫ್ ಕ್ಲಚ್ಚೇ, ಬರೀ ಪೆಡಲ್ ನಿಮಗೆ ಕಾಣಿಸ್ತಿಲ್ಲ ಅಷ್ಟೇ. ಬ್ರೇಕ್ ಗಟ್ಟಿಯಾಗಿ ಒತ್ತಿ ನಿಲ್ಲಿ, ಬ್ರೇಕ್ ಒತ್ತಿದ್ರೆ ಅದು ಕ್ಲಚ್ ಬಿಡಿಸಿಕೊಳ್ಳುತ್ತೆ, ಮುಂದೆ ಒಂದು ಗಾಡಿಯಷ್ಟು ಜಾಗ ಆದ್ಮೇಲೆ ಒಂದೇ ಸಲಕ್ಕೆ ಹೊರಡಿ, ಇಂಚಿಂಚು ತೆವಳ್ಬೇಡಿ.

ಆಮೇಲೆ ಡಿ (ಡ್ರೈವ್) ಮೋಡ್. ಡಿ ಮೋಡ್ ಮಾಡಿರೋದು ಮೈಲೇಜ್‌ಗೆ, ಕಾಲು ಸಡಿಲ ಮಾಡಿದ್ರೆ ಸಾಕು ಸರಸರ ಅಂತ ಮೇಲಿನ ಗೇರಿಗೆ ಓಡುತ್ತೆ. ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯೋ ರಸ್ತೆ ನೆನಪಿಸ್ಕೊಳ್ಳಿ, ಎರಡೂ ಕಡೆ ಕಾಡು, ಮರದ ನೆರಳು, ಬಿಸಿಲು ಬೀಳದ ಕಡೆ ಎಲೆ ಕೊಳೆತು ಡಾಂಬರ್ ಮೇಲೆ ಅಂಟಿರುತ್ತೆ. ಅಲ್ಲಿ ಡಿಯಲ್ಲಿ ಬಂದು, ಬ್ರೇಕ್ ಬಿಟ್ಟು ತಿರುವೊಳಗೆ ಇಳಿದಾಗ ಗೇರ್‌ಬಾಕ್ಸ್ ನಾಲ್ಕರಲ್ಲಿ ಕೂತಿರುತ್ತೆ, ತಿರುವಿಂದ ಆಚೆ ಬರೋಣ ಅಂತ ಒತ್ತಿದ್ರೆ ಒಂದು ಕ್ಷಣ ಏನೂ ಆಗಲ್ಲ, ಇನ್ನೂ ಒತ್ತುತ್ತೀರ, ಆಗ ಅದು ನಾಲ್ಕರಿಂದ ಎರಡಕ್ಕೆ ಹಾರಿ ಪೂರ್ತಿ ಟಾರ್ಕ್ (ತಿರುಗಿಸೋ ಬಲ) ಚಕ್ರಕ್ಕೆ ಸುರಿಯುತ್ತೆ, ಅದೂ ಸ್ಟೀರಿಂಗ್ ತಿರುಗಿರುವಾಗ, ಅದೂ ಎಲೆ ಮೇಲೆ. ಹಾಗಾಗಿ ಘಾಟಿ ಶುರುವಾಗೋ ಮೊದಲೇ ಲಿವರನ್ನ ಮ್ಯಾನ್ಯುಯಲ್ ಕಡೆ ತಳ್ಳಿ, ಸ್ಟೀರಿಂಗ್ ಹಿಂದೆ ಗೇರ್ ಪ್ಯಾಡಲ್ ಇದ್ರೆ ಅದು, ಇಲ್ದಿದ್ರೆ ಲಿವರಲ್ಲೇ ಮೈನಸ್, ನೇರ ಇರುವಾಗ್ಲೇ ಎರಡು ಅಥವಾ ಮೂರು ನೀವೇ ಆಯ್ಕೆ ಮಾಡಿ. ಆರ್‌ಪಿಎಂ ತೀರಾ ಜಾಸ್ತಿ ಆಗೋದಾದ್ರೆ ಅದು ಕೆಳಗಿನ ಗೇರ್ ಕೊಡಲ್ಲ, ಸೋ ಸ್ವಲ್ಪ ಬ್ರೇಕ್ ಹಿಡಿದು ಮತ್ತೆ ಕೇಳ್ಬೇಕು. ಎಸ್ (ಸ್ಪೋರ್ಟ್) ಮೋಡ್ ಏರಿಗೆ ಚೆನ್ನಾಗಿದೆ, ಇಳಿಯೋಕೆ ನಾನು ಮ್ಯಾನ್ಯುಯಲ್ ಮೋಡನ್ನೇ ನಂಬ್ತೀನಿ.

ಬ್ರೇಕ್ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಉದ್ದ ಇಳಿಜಾರಲ್ಲಿ ಕಾಲು ಪೆಡಲ್ ಮೇಲೆ ಇಟ್ಕೊಂಡೇ ಬರ್ಬಾರ್ದು, ಬೇಕಾದಾಗ ಗಟ್ಟಿಯಾಗಿ ಒತ್ತಿ, ಸ್ಪೀಡ್ ಇಳಿಸಿ, ಪೂರ್ತಿ ಬಿಡಿ, ಡಿಸ್ಕ್‌ಗೆ ಗಾಳಿ ಸಿಗ್ಲಿ. ಸುಟ್ಟ ವಾಸನೆ ಬಂದು, ಪೆಡಲ್ ಗಟ್ಟಿಯಾಗೇ ಇದ್ದೂ ಗಾಡಿ ನಿಲ್ತಿಲ್ಲ ಅಂದ್ರೆ ಡಿಸ್ಕ್ ಒತ್ತಿ ಹಿಡಿಯೋ ಪ್ಯಾಡ್ ಬಿಸಿಯಾಗಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಕೆಳಗೆ ಹೋಗ್ತಿದೆ ಅಂದ್ರೆ ಬ್ರೇಕ್ ಆಯಿಲ್ ಕುದ್ದಿದೆ, ಇದು ಅದಕ್ಕಿಂತ ಅಪಾಯ. ಎರಡರಲ್ಲಿ ಯಾವುದಾದ್ರೂ ಆ ಕ್ಷಣ ಗೇರ್ ಇಳಿಸಿ, ಪೆಡಲ್ ಮೆತ್ತಗಿದ್ರೆ ಬೇಗ ಬೇಗ ಪಂಪ್ ಮಾಡಿ, ಜಾಗ ನೋಡಿ ಪಕ್ಕಕ್ಕೆ ಹಾಕಿ. ನಿಲ್ಲಿಸಿದ ಮೇಲೆ ಗೇರಲ್ಲಿಟ್ಟು ಅಥವಾ ಪಾರ್ಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ತಣ್ಣಗಾಗೋಕೆ ಬಿಡಿ, ನೀರು ಸುರೀಬೇಡಿ, ಡಿಸ್ಕ್ ಸೊಟ್ಟ ಆಗುತ್ತೆ.

ಈಗ ಅಪ್‌ಗ್ರೇಡ್. ಮೊದಲ ದುಡ್ಡು ಬ್ರೇಕ್ ಆಯಿಲ್‌ಗೆ, ಇದಕ್ಕಿಂತ ಕಮ್ಮಿ ಖರ್ಚಿನ ಒಳ್ಳೇ ಅಪ್‌ಗ್ರೇಡ್ ಇಲ್ಲ. ಬಾನೆಟ್ ಎತ್ತಿ ಡಬ್ಬಿ ನೋಡಿ, ಹೊಸ ಆಯಿಲ್ ತಿಳಿ ಹಳದಿ ಇರುತ್ತೆ, ಕಾಫಿ ಬಣ್ಣಕ್ಕೆ ತಿರುಗಿದ್ರೆ ಕಾಯ್ಬೇಡಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಲ್ಲ, ಆದ್ರೆ ಅದು ಗಾಳಿಯ ತೇವ ಹೀರುತ್ತೆ, ಹೀರಿದ ಮೇಲೆ ಆ ಮಿತಿ 155ಕ್ಕೆ ಬರ್ಬಹುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆನೇ ಒಣಗದ ನಮ್ಮೂರಲ್ಲಿ ಇದು ಪುಸ್ತಕದ ಮಾತಲ್ಲ. ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿ, ಜೋರಾಗಿ ಓಡಿಸೋರು ಡಾಟ್ 5.1 ಹಾಕಿಸ್ಬಹುದು, ಅದರ ಮಿತಿ ಹೊಸದರಲ್ಲಿ 260, ತೇವ ಹೀರಿದ ಮೇಲೆ 180. ಬರೀ ಡಾಟ್ 5 ಅಂತ ಇರೋದು ಸಿಲಿಕೋನ್, ಅದನ್ನ ಮಿಕ್ಸ್ ಮಾಡ್ಲೇಬಾರ್ದು. ಆಮೇಲೆ ಪ್ಯಾಡ್, ರಸ್ತೆಗೆ ಅಂತ ಮಾಡಿರೋ ಪರ್ಫಾರ್ಮೆನ್ಸ್ ಪ್ಯಾಡ್ ತಗೊಳ್ಳಿ, ರೇಸ್ ಪ್ಯಾಡ್ ಬಿಸಿ ಆಗೋವರೆಗೆ ಕಚ್ಚಲ್ಲ, ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಗೇಟ್ ದಾಟಿದ ಮೊದಲ ತಿರುವಲ್ಲೇ ಹೆದರಿಸುತ್ತೆ.

ಟೈರ್: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2322 ಅಂದ್ರೆ 2022ರ 23ನೇ ವಾರದ್ದು. ಟೈರಿನ ಗೀರು (ಟ್ರೆಡ್) ಉಳಿದಿದ್ರೂ ರಬ್ಬರ್ ಗಟ್ಟಿ ಆಗಿದ್ರೆ ಮಳೆಗೆ ಹಿಡಿಯಲ್ಲ. ಕಾನೂನಿಗೆ ಗೀರಿನ ಆಳ 1.6 ಮಿಲಿಮೀಟರ್ ಇದ್ರೆ ಸಾಕು, ಕೊಡಗಿನ ಮಳೆಗೆ 3 ಬಂದಾಗ್ಲೇ ಬದಲಾಯಿಸಿ. ಗಾಳಿ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಇಲ್ಲೇ ನೋಡಿ, ಮಂಗಳೂರಿನ ಸೆಕೆಯಲ್ಲಿ ತುಂಬಿಸಿದ್ದು ಇಲ್ಲಿ ಚಳಿಗೆ ಎರಡು ಪಿಎಸ್‌ಐ ಕಮ್ಮಿ ತೋರಿಸಿದ್ರೆ ಆಶ್ಚರ್ಯ ಇಲ್ಲ. ದೊಡ್ಡ ಅಲಾಯ್ ಹಾಕೋ ಆಸೆ ಇದ್ರೆ ಹೊರಸುತ್ತಿನ ಅಳತೆ ಕಾಪಾಡಿ, 205/55 ಆರ್16 ಇರೋದಕ್ಕೆ 205/50 ಆರ್17 ಹಾಕಿದ್ರೆ ಒಟ್ಟು ವ್ಯಾಸ 1 ಪರ್ಸೆಂಟೂ ಬದಲಾಗಲ್ಲ, ಆದ್ರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಸುಮಾರು 10 ಮಿಲಿಮೀಟರ್ ಕಮ್ಮಿ ಆಗುತ್ತೆ. ಮಳೆಗಾಲ ಮುಗಿದ ಮೇಲಿನ ನಮ್ಮ ಗುಂಡಿಗಳಿಗೆ ಆ 10 ಮಿಲಿಮೀಟರೇ ರಿಮ್ ಉಳಿಸೋದು. ನಾನಾದ್ರೆ ಕಂಪನಿ ಸೈಜಲ್ಲೇ ಒಳ್ಳೇ ಟೈರ್ ಹಾಕ್ತೀನಿ. ಗಾಡಿ ತಗ್ಗಿಸೋ ಲೋಯರಿಂಗ್ ಸ್ಪ್ರಿಂಗ್ ಬೇಡವೇ ಬೇಡ, ಹಳ್ಳಿಗಳ ರೋಡ್ ಹಂಪ್‌ಗಳಿಗೆ ಹೊಟ್ಟೆ ಉಜ್ಜುತ್ತೆ, ಬದಲಿಗೆ ಹಳೇ ಶಾಕ್ ಅಬ್ಸಾರ್ಬರ್, ಬುಷ್ ಹೊಸದು ಮಾಡಿ, ಗಾಡಿ ಬೇರೆಯೇ ಆಗುತ್ತೆ.

ಪವರ್ ಬೇಕೇ ಬೇಕು ಅನ್ನೋರಿಗೆ ಎರಡು ವಿಷಯ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ, ಗಾಳಿ ತೆಳು, ಹಳೇ ಹೋಂಡಾ ಸಿಟಿ ವಿಟೆಕ್ ಥರ ಟರ್ಬೊ ಇಲ್ಲದ ಇಂಜಿನ್ ಇಲ್ಲಿ ಹತ್ತು ಪರ್ಸೆಂಟ್ ಹತ್ರ ಪವರ್ ಕಳ್ಕೊಳ್ಳುತ್ತೆ, ಅದು ಗಾಡಿ ದೋಷ ಅಲ್ಲ, ಅದಕ್ಕೆ ಮೆಕ್ಯಾನಿಕ್ ಹತ್ರ ದುಡ್ಡು ಸುರೀಬೇಡಿ. ಟರ್ಬೊ ಗಾಡಿ ಆ ನಷ್ಟ ಬಹುಪಾಲು ತುಂಬಿಕೊಳ್ಳುತ್ತೆ. ಎರಡನೇದು, ಡಿಕ್ಯೂ200 ಗೇರ್‌ಬಾಕ್ಸ್ ಮಾಡಿರೋದೇ 250 ನ್ಯೂಟನ್ ಮೀಟರ್ ಟಾರ್ಕ್‌ಗೆ, ವರ್ಟಸ್ 1.5 ಕಂಪನಿಯಿಂದಲೇ 250 ಕೊಡುತ್ತೆ, ಅಂದ್ಮೇಲೆ ಸ್ಟೇಜ್ 1 (ಬರೀ ಸಾಫ್ಟ್‌ವೇರ್ ಬದಲಿಸೋ) ರೀಮ್ಯಾಪ್ ಮಾಡಿದ ದಿನದಿಂದ ನೀವು ಗೇರ್‌ಬಾಕ್ಸ್‌ನ ಮಿತಿ ದಾಟಿ ಓಡಿಸ್ತಿದ್ದೀರ, ಅದೂ ಏರು ರಸ್ತೆಯಲ್ಲಿ. 1.2 ಪೋಲೋ 175 ಇರೋದ್ರಿಂದ ಅದಕ್ಕೆ ಜಾಗ ಇದೆ. ಮ್ಯಾನ್ಯುಯಲ್‌ನಲ್ಲಿ ಮೊದಲು ಸೋಲೋದು ಕ್ಲಚ್, ಗಟ್ಟಿ ಕ್ಲಚ್ಚಿನ ಖರ್ಚೂ ಸೇರಿಸಿ ಲೆಕ್ಕ ಹಾಕಿ. ಕಂಪನಿ ವಾರಂಟಿ ಇರೋವರೆಗೆ ಮುಟ್ಟದೇ ಇರೋದೇ ಒಳ್ಳೇದು. ಏರ್ ಫಿಲ್ಟರ್‌ಗೆ ಕಂಪನಿ ಡಬ್ಬಿಯೊಳಗೇ ಕೂರೋ ಒಂದು ಪ್ಯಾನಲ್ ಫಿಲ್ಟರ್ ಸಾಕು, ಬಂಪರ್ ಹಿಂದೆ ತಗ್ಗಲ್ಲಿ ಬಾಯಿ ಇರೋ ಕೋಲ್ಡ್ ಏರ್ ಇಂಟೇಕ್ ಹಾಕಿ ಆಗಸ್ಟ್‌ನಲ್ಲಿ ಭಾಗಮಂಡಲದ ಕಡೆ ನೀರಿಗೆ ಇಳಿಸಿದ್ರೆ ಇಂಜಿನ್ ಒಳಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಅಲ್ಲಿಗೆ ಇಂಜಿನ್ ಬಿಚ್ಚೋದೇ.

ಕಾನೂನೂ ಇದೆ. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಹೇಳುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಜೋರು ಶಬ್ದದ ಸೈಲೆನ್ಸರ್ ಹಾಕಿದ್ರೆ ದಂಡ ಬೀಳುತ್ತೆ, ತೋಟದ ಲೈನ್ ಮನೆಗಳಲ್ಲಿ ಮಕ್ಕಳು ಮಲಗಿರೋ ಹೊತ್ತಲ್ಲಿ ಆ ಸದ್ದು ಯಾರಿಗೂ ಬೇಡ. ಏನೇ ಬದಲಾಯಿಸಿದ್ರೂ ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ, ಮುಚ್ಚಿಟ್ರೆ ಕ್ಲೇಮ್ ಟೈಮಲ್ಲಿ ತಕರಾರು ಗ್ಯಾರಂಟಿ.

ರಸ್ತೆ ಮೇಲಿನ ಕೆಲವು ಮಾತು. ಕಡಿದಾದ ಕಡೆ ಹತ್ತುವ ಗಾಡಿಗೆ ಮೊದಲು ದಾರಿ, ಇಳಿಯೋರು ನಿಲ್ಲಬೇಕು, ಇದು 2017ರ ಡ್ರೈವಿಂಗ್ ನಿಯಮದಲ್ಲೇ ಇದೆ. ಹೇರ್‌ಪಿನ್‌ನಲ್ಲಿ ಕೆಎಸ್‌ಆರ್‌ಟಿಸಿ ಬಸ್ಸಿಗೆ ರಸ್ತೆ ಪೂರ್ತಿ ಬೇಕು, ಹಾಗಾಗಿ ದೂರದಲ್ಲೇ ನಿಂತು ಬಿಡಿ. ಮಂಜು ಬಿದ್ದಾಗ ಲೋ ಬೀಮ್ ಹಾಕಿ, ಹೈ ಬೀಮ್ ಹಾಕಿದ್ರೆ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ, ಹಜಾರ್ಡ್ ಲೈಟ್ ನಿಂತಾಗ ಮಾತ್ರ. ಕಾಫಿ ಕುಯ್ಲಿನ ತಿಂಗಳಲ್ಲಿ ತೋಟದ ಗೇಟಿಂದ ಟ್ರ್ಯಾಕ್ಟರ್ ಹೊರಬಂದ ಕಡೆ ರಸ್ತೆ ಮೇಲೆ ಕೆಂಪು ಮಣ್ಣು ಇರುತ್ತೆ, ಬೆಳಗಿನ ಇಬ್ಬನಿಗೆ ಅದು ಜಾರುತ್ತೆ. ತಿತಿಮತಿ, ಸಿದ್ದಾಪುರ, ಮಾಲ್ದಾರೆ ಕಡೆ ಸಂಜೆ ಮೇಲೆ ತಿರುವಿನಾಚೆ ಆನೆ ನಿಂತಿರ್ಬಹುದು ಅಂತ್ಲೇ ಓಡಿಸಿ, ಕಣ್ಣಿಗೆ ಕಾಣೋ ದೂರದಲ್ಲಿ ನಿಲ್ಲಿಸೋಕಾಗೋ ಸ್ಪೀಡೇ ನಿಮ್ಮ ಟಾಪ್ ಸ್ಪೀಡ್. ಕಂಡ್ರೆ ಹಾರ್ನ್ ಬೇಡ, ಹೈ ಬೀಮ್ ಬೇಡ, ದೂರದಲ್ಲೇ ನಿಂತು ನಿಧಾನ ಹಿಂದಕ್ಕೆ ಬನ್ನಿ.

ಮತ್ತೆ ಗಾಡಿಯ ಪೂರ್ತಿ ಮಿತಿ ನೋಡ್ಬೇಕು ಅನ್ನೋರು ಭತ್ತ ಕುಯ್ದ ಮೇಲೆ ಗೋಣಿಕೊಪ್ಪ, ವಿರಾಜಪೇಟೆ ಕಡೆ ಗದ್ದೆಗಳಲ್ಲಿ ನಡೆಯೋ ಆಟೋಕ್ರಾಸ್ ಸ್ಪರ್ಧೆಗೆ ಹೆಸರು ಕೊಡಿ, ಹೆಲ್ಮೆಟ್ ಹಾಕ್ಕೊಂಡು ಸಡಿಲ ಮಣ್ಣಲ್ಲಿ ಕಮ್ಮಿ ಸ್ಪೀಡಲ್ಲೇ ಗಾಡಿ ಹೇಗೆ ಜಾರುತ್ತೆ, ಹೇಗೆ ವಾಪಸ್ ಬರುತ್ತೆ ಅಂತ ಅಲ್ಲಿ ಕಲಿಯೋದು ಬೇರೆಲ್ಲೂ ಸಿಗಲ್ಲ. ಡಾಂಬರೇ ಬೇಕಂದ್ರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಟ್ರ್ಯಾಕ್ ಡೇ ಇದ್ದಾಗ ಹೋಗಿ, ಹೊರಡೋ ಮುಂಚೆ ಹೊಸ ಬ್ರೇಕ್ ಆಯಿಲ್ ಹಾಕಿಸ್ಕೊಂಡೇ ಹೋಗಿ.