ಹೊಸ ಕಾರು ಬೀಪ್ ಅಂದರೆ ಅಪ್ಪ ಗಾಬರಿಯಾಗದಂತೆ ಕಲಿಸುವುದು ಹೇಗೆ?

ಅಡಾಸ್ (ಅಪಾಯ ಕಂಡರೆ ಎಚ್ಚರಿಸಿ, ಸ್ಟೇರಿಂಗ್, ಬ್ರೇಕ್‌ಗೆ ತಾನಾಗಿ ನೆರವಾಗುವ ವ್ಯವಸ್ಥೆ) ಇರುವ ಕಾರನ್ನು ಮೊದಲ ಸಲ ಓಡಿಸಿದ ದಿನವೇ ನಮ್ಮಪ್ಪ, "ಪಕ್ಕದಿಂದ ಯಾರೋ ಸ್ಟೇರಿಂಗ್ ಎಳೆದ ಹಾಗಾಯ್ತು, ಇದು ನನಗೆ ಬೇಡಪ್ಪಾ" ಅಂದರು. ಮೂವತ್ತು ವರ್ಷ ಗಾಡಿ ಓಡಿಸಿದ ಕೈ ಅವರದು. ಸ್ಟೇರಿಂಗ್ ತಾನಾಗಿ ತಿರುಗಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ, ಅಲ್ವಾ? ಅದಕ್ಕೇ ಅವಸರ ಮಾಡಬೇಡಿ.

ಮೊದಲ ಪಾಠ ಮನೆ ಮುಂದೆ, ಕಾರು ನಿಂತಿರುವಾಗಲೇ ಆಗಲಿ. ಅವರನ್ನು ಡ್ರೈವರ್ ಸೀಟಲ್ಲಿ ಕೂರಿಸಿ, ಬಟನ್‌ಗಳನ್ನು ಅವರ ಕೈಯಿಂದಲೇ ಒತ್ತಿಸಿ. ಮುಂದಿನ ಗಾಜಿನ ಮೇಲೆ, ಕನ್ನಡಿಯ ಹಿಂದೆ ಇರುವ ಪುಟ್ಟ ಕ್ಯಾಮೆರಾ ತೋರಿಸಿ. ರಸ್ತೆಯ ಪಟ್ಟೆ ನೋಡುವುದು ಅದೇ.

ಇನ್ನು ಆ ಎಳೆತದ ವಿಷಯ. ಇಂಡಿಕೇಟರ್ ಹಾಕದೆ ಪಟ್ಟೆ ದಾಟಲು ಹೋದರೆ, ಗಮನ ತಪ್ಪಿ ಪಕ್ಕಕ್ಕೆ ಸರಿಯುತ್ತಿದ್ದಾರೆ ಅಂತ ಕಾರು ಲೆಕ್ಕ ಹಾಕಿ ನಿಧಾನಕ್ಕೆ ಒಳಗೆ ಎಳೆಯುತ್ತದೆ. ಇಂಡಿಕೇಟರ್ ಹಾಕಿದರೆ ಸುಮ್ಮನಿರುತ್ತದೆ. ಎಳೆದರೂ ಕೈಯಲ್ಲಿ ಸ್ವಲ್ಪ ಬಿಗಿ ಹಿಡಿದರೆ ಸಾಕು, ಕಾರು ನಾವು ಹೇಳಿದಂತೆಯೇ ಕೇಳುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅನುಭವಕ್ಕೇ ಬರಬೇಕು.

ನಾವು ಭಾನುವಾರ ಬೆಳಗ್ಗೆ ಮೈಸೂರು ಎಕ್ಸ್‌ಪ್ರೆಸ್‌ವೇಗೆ ಹೋದೆವು. 2023ರ ಆಗಸ್ಟ್‌ನಿಂದ ಅಲ್ಲಿನ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡುವುದಿಲ್ಲ, ಪಟ್ಟೆಗಳೂ ಎದ್ದು ಕಾಣುತ್ತವೆ. 80ರ ವೇಗದಲ್ಲಿ, ಹಿಂದೆ ಯಾವ ಗಾಡಿಯೂ ಇಲ್ಲದ್ದು ನೋಡಿಕೊಂಡು ಅಪ್ಪ ಇಂಡಿಕೇಟರ್ ಹಾಕಿ ಒಮ್ಮೆ ಲೇನ್ ಬದಲಿಸಿದರು. ಸ್ಟೇರಿಂಗ್ ಮಿಸುಕಲಿಲ್ಲ. ಇನ್ನೊಮ್ಮೆ ಬದಲಿಸಿದರು. ಬಿಗಿಹಿಡಿದಿದ್ದ ಭುಜ ಇಳಿದದ್ದು ಪಕ್ಕದಲ್ಲಿ ಕೂತ ನನಗೇ ಕಾಣಿಸಿತು.

ಆ ದಿನ ಅಷ್ಟೇ ಸಾಕು. ವೇಗವನ್ನು ಕಾರೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಮುಂದಿನ ವಾರಕ್ಕಿರಲಿ. ರಿವರ್ಸ್ ಕ್ಯಾಮೆರಾ ಎರಡು ದಿನದಲ್ಲಿ ತಾನಾಗಿ ರೂಢಿಯಾಗುತ್ತದೆ.

ಸಿಟಿಯೊಳಗೆ ಮಾತ್ರ ಬೇರೆ ಲೆಕ್ಕ. ಸಿಲ್ಕ್ ಬೋರ್ಡ್ ಕಡೆ ಸ್ಕೂಟರ್‌ಗಳು ಅಡ್ಡ ನುಗ್ಗಿದಾಗಲೆಲ್ಲ ಎಚ್ಚರಿಕೆ ಕೂಗಿದರೆ ತಲೆ ಕೆಡುತ್ತದೆ, ಆಮೇಲೆ ಎಲ್ಲವನ್ನೂ ಆಫ್ ಮಾಡಿಬಿಡುತ್ತಾರೆ. ಹಾಗಾಗಲು ಬಿಡಬೇಡಿ. ಸ್ಟೇರಿಂಗ್ ಎಳೆಯುವ ಆ ಲೇನ್ ಅಸಿಸ್ಟ್ ಆಫ್ ಮಾಡಿ, ಡಿಕ್ಕಿ ಹೊಡೆಯಬಹುದು ಎಂಬ ಎಚ್ಚರಿಕೆ ಸ್ವಲ್ಪ ತಡವಾಗಿ ಬರುವಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ, ಆದರೆ ತಾನಾಗಿ ಬ್ರೇಕ್ ಹಾಕುವ ಸೌಲಭ್ಯವನ್ನು ದಯವಿಟ್ಟು ಮುಟ್ಟಬೇಡಿ.

"ಕಾರೇ ನೋಡಿಕೊಳ್ಳುತ್ತೆ" ಅಂತ ಮಾತ್ರ ಯಾವತ್ತೂ ಹೇಳಬೇಡಿ. ಜೋರು ಮಳೆಯಲ್ಲಿ, ಗಾಜಿಗೆ ಕೆಸರು ಹಾರಿದಾಗ, ಪಟ್ಟೆ ಅಳಿಸಿಹೋದ ರಸ್ತೆಯಲ್ಲಿ ಆ ಕ್ಯಾಮೆರಾಗೆ ಏನೂ ಸರಿಯಾಗಿ ಕಾಣುವುದಿಲ್ಲ. ಬಣ್ಣ ಬಳಿಯದ ಹಂಪ್ ಬಂದರೂ ನಿಧಾನ ಮಾಡಬೇಕಾದವರು ಅಪ್ಪನೇ.