ಹೊಲಿಗೆ ಇಲ್ಲದೆಯೂ ಹಳೇ ಪುಸ್ತಕ ನಿಲ್ಲುತ್ತದೆ: ನನ್ನ ಅನುಭವ

ಹಳೇ ಪೇಪರ್‌ಬ್ಯಾಕ್ ಬಿಚ್ಚಿ, ಹೊಲಿಗೆ ಹಾಕದೆ, ತಣ್ಣನೆ ಅಂಟಿನಲ್ಲೇ ಮತ್ತೆ ಕಟ್ಟಿದರೆ ನಿಲ್ಲುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನಾನು ಹಾಗೆ ಕಟ್ಟಿದ ಪುಸ್ತಕಗಳು ಈಗ ನೂರರ ಆಸುಪಾಸು ಇರಬಹುದು. ಮೊದಮೊದಲು ಕಟ್ಟಿದವಕ್ಕೆ ಆರೇಳು ವರ್ಷ ಆಯಿತು. ದಿನಾ ತೆರೆದು ಮುಚ್ಚುವ ದಪ್ಪ ನಿಘಂಟು ಕೂಡ ಅದರಲ್ಲಿದೆ. ನುಣುಪು ಕಾಗದದವನ್ನು ಬಿಟ್ಟರೆ ಒಂದು ಹಾಳೆಯೂ ಕಿತ್ತು ಬಂದಿಲ್ಲ. ಹಾಗಾಗಿ ಈಗ ಬರೆಯಬಹುದು ಅನ್ನಿಸಿದೆ.

ಫಾರಂ (ಒಂದರೊಳಗೊಂದು ಮಡಿಸಿದ ಹಾಳೆಗಳ ಕಟ್ಟು) ಹೊಲಿದ ಪುಸ್ತಕಗಳ ಮಾತು ಇಲ್ಲಿ ಬೇಡ. ದಾರ ಬಿಚ್ಚಿ, ಹರಿದ ಮಡಿಕೆಗೆ ಟಿಶ್ಯೂ (ದುರಸ್ತಿಗೆ ಬಳಸುವ ತೆಳು ಕಾಗದ) ಪಟ್ಟಿ ಕೊಟ್ಟು, ಮತ್ತೆ ಹೊಲಿದರೆ ಆಯಿತು. ಬೈಂಡಿಂಗ್ ಮಾಡುವವರಿಗೆಲ್ಲ ಅದು ಗೊತ್ತಿರುವುದೇ. ತಲೆನೋವು ಇರುವುದು ಬಿಡಿ ಹಾಳೆಯ ಪುಸ್ತಕದಲ್ಲಿ. ಮಡಿಕೆಯನ್ನು ಕಾರ್ಖಾನೆಯಲ್ಲೇ ಕತ್ತರಿಸಿ, ಬೆನ್ನಿಗೆ ಬಿಸಿಯಲ್ಲಿ ಕರಗುವ ಅಂಟಾದ ಹಾಟ್‌ಮೆಲ್ಟ್ ಬಳಿದಿರುತ್ತಾರೆ. ಸೆಕೆಂಡ್ ಹ್ಯಾಂಡ್ ರಾಶಿಯಲ್ಲಿ ನನ್ನ ಕೈಗೆ ಸಿಗುವುದರಲ್ಲಿ ಮುಕ್ಕಾಲು ಪಾಲು ಇಂಥವೇ. ವರ್ಷ ಕಳೆದಂತೆ ಆ ಅಂಟು ಒಣಗಿ ಗಡುಸಾಗುತ್ತದೆ. ನಡುವೆ ತೆರೆದರೆ ಟಪ್ ಅಂತ ಬೆನ್ನು ಸೀಳುತ್ತದೆ.

ಮೊದಲು ಹಿಡಿದ ದಾರಿ ಸೈಡ್ ಹೊಲಿಗೆ. ಅಂಚಿನಿಂದ ಕಾಲಿಂಚು ಒಳಗೆ ತೂತು ಹೊಡೆದು, ದಬ್ಬಣದಲ್ಲಿ ಹೊಲಿದೆ. ಗಟ್ಟಿಯೇನೋ ಗಟ್ಟಿ. ಆದರೆ ಪುಸ್ತಕ ತೆರೆಯುವುದೇ ಇಲ್ಲ. ಎರಡೂ ಕೈಯಲ್ಲಿ ಒತ್ತಿ ಹಿಡಿದು ಓದಬೇಕು. ಒಳಗಿನ ಮಾರ್ಜಿನ್ ಮೊದಲೇ ಕಡಿಮೆ, ಸಾಲಿನ ಕೊನೇ ಅಕ್ಷರಗಳು ಹೊಲಿಗೆಯೊಳಗೆ ಸೇರಿಕೊಂಡವು. ಕಾಗದ ಹಳದಿಯಾಗಿದ್ದರೆ ಮುಗಿಯಿತು, ಅಂಚೆ ಚೀಟಿ ಹರಿದಂತೆ ತೂತಿನ ಸಾಲಿನಲ್ಲೇ ಹಾಳೆ ಕಳಚುತ್ತದೆ.

ಆಮೇಲೆ ಗ್ಲೂ ಗನ್. ಅದು ಹೊಸ ಹಾಟ್‌ಮೆಲ್ಟ್ ಅಷ್ಟೇ, ಹಳೇ ರೋಗವೇ ಬಂತು. ಮೈದಾ ಅಂಟಿನಲ್ಲಿ ಬೆನ್ನು ಹಲಗೆಯಷ್ಟು ಗಡುಸಾಯಿತು, ಹುಳಕ್ಕೂ ಊಟ ಸಿಕ್ಕಿತು. ಎರಡೆರಡು ಹಾಳೆಗಳನ್ನು ಟಿಶ್ಯೂ ಪಟ್ಟಿಯಲ್ಲಿ ಜೋಡಿಸಿ, ಮಡಿಕೆ ಮಾಡಿ, ಫಾರಂ ಕಟ್ಟಿ ಹೊಲಿಯುವ ದಾರಿಯೂ ಇದೆ. ಚೆನ್ನಾಗಿಯೇ ಬಂತು. ಆದರೆ ಮುನ್ನೂರು ಪುಟದ ಒಂದು ಕಾದಂಬರಿಗೆ ವಾರದ ಸಂಜೆಗಳೆಲ್ಲ ಹೋದವು, ಪಟ್ಟಿಗಳು ಸೇರಿ ಬೆನ್ನು ಊದಿಕೊಂಡಿತು. ಟಿಶ್ಯೂಗೆ ಸುರಿದ ದುಡ್ಡಿನಲ್ಲಿ ಅದೇ ಕಾದಂಬರಿಯ ಹೊಸ ಪ್ರತಿ ಎರಡು ಬರುತ್ತಿತ್ತು. ಅಪರೂಪದ ಪುಸ್ತಕವಾದರೆ ಸರಿ. ಎಲ್ಲದಕ್ಕೂ ಮಾಡುತ್ತಾ ಕೂತರೆ ಮನೆ ಮಾರಬೇಕು.

ಕೊನೆಗೆ ನಿಂತದ್ದು ಫ್ಯಾನ್ ಅಂಟು, ಅಂದರೆ ಹಾಳೆಗಳನ್ನು ಬೀಸಣಿಗೆಯಂತೆ ಸರಿಸಿ ಅಂಚಿಗೆ ಅಂಟು ಹಚ್ಚುವುದು. ಇದು ನಾನು ಕಂಡುಹಿಡಿದದ್ದಲ್ಲ. ಜರ್ಮನಿಯ ಎಮಿಲ್ ಲುಂಬೆಕ್ 1930ರ ದಶಕದಲ್ಲೇ ಇದನ್ನು ರೂಢಿಗೆ ತಂದರು. ಅಲ್ಲಿಯ ಬೈಂಡರ್‌ಗಳು ಈಗಲೂ ಅವರ ಹೆಸರಲ್ಲೇ ಈ ಕೆಲಸವನ್ನು ಕರೆಯುತ್ತಾರೆ. ನಾನು ಮಾಡಿದ್ದು ಅದನ್ನು ಹಳೇ ಕಾಗದಕ್ಕೆ ಒಗ್ಗಿಸಿದ್ದು.

ಎಲ್ಲ ನಿಂತಿರುವುದು ಬೆನ್ನು ಶುಚಿ ಮಾಡುವುದರ ಮೇಲೆ. ಹೇರ್ ಡ್ರೈಯರ್‌ನಿಂದ ಬಿಸಿ ಕೊಟ್ಟರೆ ಹಾಟ್‌ಮೆಲ್ಟ್ ಮೆತ್ತಗಾಗುತ್ತದೆ. ಆಗ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತೇನೆ. ಅಂಚಿನಲ್ಲಿ ಅಂಟಿನ ಚೂರು ಉಳಿದರೆ ಹೊಸ ಅಂಟು ಹಿಡಿಯುವುದಿಲ್ಲ. ಹಾಗಾಗಿ ಒಂದು ಮಿಲಿಮೀಟರ್ ಕತ್ತರಿಸುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ. ಆಮೇಲೆ ಒರಟು ಸ್ಯಾಂಡ್ ಪೇಪರ್. ಬೆನ್ನು ನುಣುಪಾಗಿ ಚೆಂದ ಕಾಣಬಾರದು, ಮುಟ್ಟಿದರೆ ತುಸು ಜುಂಗು ಸಿಗಬೇಕು.

ಇನ್ನು ಅಂಟು ಹಚ್ಚುವುದು. ಕಟ್ಟನ್ನು ಬೆನ್ನು ಮೇಲಾಗಿ ನಿಲ್ಲಿಸಿ, ಕೆಳಗಡೆ ಬಿಗಿಯಾಗಿ ಹಿಡಿದು, ಮೇಲ್ಭಾಗವನ್ನು ಎಡಕ್ಕೆ ವಾಲಿಸುತ್ತೇನೆ. ಹಾಳೆಗಳು ಒಂದರಿಂದ ಒಂದು ಸರಿದು, ಪ್ರತಿಯೊಂದರ ಅಂಚೂ ಕೂದಲೆಳೆಯಷ್ಟು ಹೊರಗೆ ಇಣುಕುತ್ತದೆ. ಬ್ರಷ್ಷನ್ನು ನಡುವಿನಿಂದ ತುದಿಯ ಕಡೆಗೆ ಎಳೆಯಬೇಕು. ತುದಿಯಿಂದ ನಡುವಿಗೆ ಎಳೆದರೆ ಅಂಟು ಪುಟಗಳ ಒಳಗೆ ಇಳಿಯುತ್ತದೆ. ತೆಳುವಾಗಿ ಒಂದು ಕೈ ಬಳಿದು, ಬಲಕ್ಕೆ ವಾಲಿಸಿ ಮತ್ತೊಂದು ಕೈ. ಈಗ ಪ್ರತಿ ಹಾಳೆಯೂ ಅತ್ತಿತ್ತಲ ಎರಡು ಹಾಳೆಗಳಿಗೆ ಅರ್ಧ ಮಿಲಿಮೀಟರ್ ಅಂಟಿಕೊಂಡಿರುತ್ತದೆ. ಗಟ್ಟಿತನವೆಲ್ಲ ಆ ಅರ್ಧ ಮಿಲಿಮೀಟರ್‌ನದು. ಬೆನ್ನಿನ ಮೇಲೆ ದಪ್ಪಗೆ ಮೆತ್ತಿದ ಅಂಟಿನದಲ್ಲ. ತಕ್ಷಣ ಕುಟ್ಟಿ ಸಮ ಮಾಡಿ ಪ್ರೆಸ್ಸಿಗೆ ಹಾಕಿ, ರಾತ್ರಿಯಿಡೀ ಬಿಡುತ್ತೇನೆ.

ಅಂಟು ಪಿವಿಎ, ಅಂದರೆ ನೀರು ಬೆರೆಯುವ ಬಿಳಿ ಅಂಟು. ಬಡಗಿಗಳು ಬಳಸುವಂಥದ್ದು ಬೇಡ, ಅದು ಒಣಗಿದ ಮೇಲೆ ಬಾಗುವುದಿಲ್ಲ. ಪುಸ್ತಕಕ್ಕೇ ಎಂದು ಸಿಗುವ, ಒಣಗಿದರೂ ರಬ್ಬರಿನ ಹಾಗೆ ಬಾಗುವ ಜಾತಿ ಬೇಕು. ಅದು ಬೇಗ ಒಣಗುತ್ತದೆ, ಎರಡನೇ ಕಡೆ ವಾಲಿಸುವಷ್ಟರಲ್ಲಿ ಹಿಡಿದುಬಿಡುತ್ತದೆ. ನಾನು ಅದಕ್ಕೆ ಒಂದು ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಸೇರಿಸುತ್ತೇನೆ. ಯಾವುದು, ಎಷ್ಟು ಅಂತ ಕೇಳಬೇಡಿ. ಅದನ್ನು ಸರಿ ಮಾಡಿಕೊಳ್ಳಲು ಒಂದು ಮಳೆಗಾಲವಿಡೀ ಹೋಗಿದೆ.

ಮಾರನೇ ದಿನ ಬೆನ್ನಿಗೆ ಅಡ್ಡಲಾಗಿ ಗರಗಸದಲ್ಲಿ ಐದಾರು ಗೀರು, ಒಂದು ಮಿಲಿಮೀಟರ್ ಆಳ. ಅದರಲ್ಲಿ ಲಿನನ್ ದಾರ ಕೂರಿಸಿ, ಮೇಲೆ ಅಂಟು. ನಂತರ ಜಾಳು ಬಟ್ಟೆ, ಅದರ ಮೇಲೆ ಕಾಗದದ ಕೊಳವೆ. ಕೊಳವೆ ಇದ್ದರೆ ಪುಸ್ತಕ ತೆರೆದಾಗ ರಟ್ಟಿನ ಬೆನ್ನು ಬೇರೆ, ಹಾಳೆಗಳ ಬೆನ್ನು ಬೇರೆಯಾಗಿ ನಿಲ್ಲುತ್ತದೆ. ರಟ್ಟು 2 ಮಿಮೀ, ರಟ್ಟಿಗೂ ಬೆನ್ನಿಗೂ ನಡುವೆ ಮಡಿಯುವ ಕೀಲಿಗೆ 7 ಮಿಮೀ ಸಂದು. ಉಳಿದದ್ದೆಲ್ಲ ಮಾಮೂಲು.

ಮೂವತ್ತು ವರ್ಷ ಫಾರಂ ಹೊಲಿದ ಹಿರಿಯರೊಬ್ಬರಿದ್ದಾರೆ. "ಅಂಟನ್ನ ನಂಬಿಕೊಂಡು ಪುಸ್ತಕ ಕಟ್ಟೋದಾ? ಎರಡು ವರ್ಷ ತಡೆದರೆ ಬಂದು ಹೇಳಪ್ಪ" ಅಂದಿದ್ದರು. ನಾಲ್ಕು ವರ್ಷ ಆದ ಮೇಲೆ ಒಂದನ್ನು ಅವರ ಕೈಗೆ ಕೊಟ್ಟೆ. ನಡುವಿನ ಒಂದು ಹಾಳೆ ಹಿಡಿದು ಜಗ್ಗಿದರು. ಹಾಳೆಯೇ ಹರಿಯಿತು, ಅಂಟು ಬಿಡಲಿಲ್ಲ. "ನನ್ನ ಪುಸ್ತಕ ಹರಿದಿರಲ್ಲಾ ಸಾರ್" ಅಂದೆ. ನಕ್ಕು, ಟಿಶ್ಯೂ ಹಚ್ಚಿ ಅವರೇ ಸರಿ ಮಾಡಿಕೊಟ್ಟರು.

ಎಲ್ಲ ಪುಸ್ತಕಕ್ಕೂ ಇದು ಆಗುವುದಿಲ್ಲ. ಕಾಗದದ ಎಳೆ, ಅಂದರೆ ಅದರ ನಾರು ಸಾಗುವ ದಿಕ್ಕು, ಬೆನ್ನಿಗೆ ಅಡ್ಡಲಾಗಿ ಓಡಿದ್ದರೆ ನಾನು ಮುಟ್ಟುವುದಿಲ್ಲ. ಅಂಟಿನ ನೀರಿಗೆ ಬೆನ್ನು ಅಲೆಅಲೆಯಾಗುತ್ತದೆ. ಮೂಲೆಯನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ ನೋಡಿ. ಎರಡು ಮೂರು ಸಲಕ್ಕೇ ಮುರಿದರೆ ಅದು ಆಮ್ಲ ತಿಂದ ಕಾಗದ. ಅದಕ್ಕೆ ಒಂದು ಪೆಟ್ಟಿಗೆ ಮಾಡಿ ಇಡುವುದೇ ವಾಸಿ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಶುರುವಿನಲ್ಲಿ ಒಂದು ಪುಸ್ತಕಕ್ಕೆ ಬಿದ್ದ ಸಾಮಾನಿನ ಖರ್ಚು ಪುಸ್ತಕ ಕೊಂಡ ಬೆಲೆಯ ಎರಡರಷ್ಟು. ಈಗ ಅರ್ಧಕ್ಕೂ ಕಡಿಮೆ. ದೊಡ್ಡ ರಟ್ಟಿನ ಹಾಳೆ ತಂದರೆ ಎಂಟೊಂಬತ್ತು ಪುಸ್ತಕಕ್ಕೆ ಆಗುತ್ತದೆ, ಲಿನನ್ ದಾರದ ಉಂಡೆ ಮುಗಿಯುವುದೇ ಇಲ್ಲ. ಪ್ರೆಸ್ ಕೊಂಡಿಲ್ಲ. ಎರಡು ದಪ್ಪ ಹಲಗೆ, ನಾಲ್ಕು ಉದ್ದನೆ ಬೋಲ್ಟು, ಅಷ್ಟೇ. ದುಬಾರಿ ಅಂದರೆ ಕೈಕೆಲಸ, ಒಂದಕ್ಕೆ ಎರಡೂವರೆ ತಾಸು. ಕಾದಂಬರಿ ಕಟ್ಟಿ ಮಾರಿದರೆ ಕೂಲಿಯೂ ಹುಟ್ಟುವುದಿಲ್ಲ. ದುಡ್ಡು ಇರುವುದು ಜನ ತಾವಾಗಿ ತಂದುಕೊಡುವ ಪುಸ್ತಕದಲ್ಲಿ. ಅಜ್ಜಿಯ ಕೈಬರಹ ಇರುವ ಪ್ರತಿ, ಓದುವಾಗ ಗುರುತು ಹಾಕಿಕೊಂಡ ಪಠ್ಯ, ನಿಘಂಟು. ಅದಕ್ಕೆ ಯಾರೂ ಚೌಕಾಸಿ ಮಾಡುವುದಿಲ್ಲ.

ನಡುನಡುವೆ ಸುಮ್ನೆ ಮಾಡಿ ನೋಡಿದ್ದೂ ಇದೆ. ಹಳೇ ಅಂಗಿ ಬಟ್ಟೆಯನ್ನು ಹೊದಿಕೆಗೆ ಬಳಸಿದರೆ ಅಂಟು ಮೇಲಕ್ಕೆ ಒಸರಿ ಕಲೆಯಾಗುತ್ತದೆ. ಹಿಂದೆ ತೆಳು ಕಾಗದವನ್ನು ಗಂಜಿಯಲ್ಲಿ ಅಂಟಿಸಿ ಒಣಗಿಸಿದರೆ ಪಕ್ಕಾ ಬೈಂಡಿಂಗ್ ಬಟ್ಟೆ. ಹುಳ ಬಿದ್ದ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿ, ಒಂದೆರಡು ವಾರ ಫ್ರೀಜರ್‌ನಲ್ಲಿಟ್ಟೆ. ಕೆಲಸ ಮಾಡಿತು. ಹೊರಗೆ ತೆಗೆದ ಮೇಲೆ ಒಂದು ದಿನ ಬಿಟ್ಟೇ ಕಟ್ಟು ಬಿಚ್ಚಿ, ಇಲ್ಲದಿದ್ದರೆ ಹಾಳೆಗೆ ನೀರು ಕೂರುತ್ತದೆ. ಮುಗ್ಗಲು ವಾಸನೆಗೆ ಅಡುಗೆ ಸೋಡಾ ಜೊತೆ ಡಬ್ಬದಲ್ಲಿ ಮುಚ್ಚಿಟ್ಟೆ. ಅರ್ಧ ಹೋಯಿತು, ಅರ್ಧ ಉಳಿಯಿತು. ಸಿಗರೇಟು ವಾಸನೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ನನಗಿನ್ನೂ ಬಗ್ಗದಿರುವುದು ನುಣುಪು ಕಾಗದ. ಚಿತ್ರದ ಪುಸ್ತಕಗಳಲ್ಲಿ ಕಾಗದದ ಮೇಲಿನ ಲೇಪ ಅಂಟನ್ನು ಒಳಗೆ ಬಿಡುವುದಿಲ್ಲ, ಎಳೆದರೆ ಹಾಳೆ ಸಲೀಸಾಗಿ ಬರುತ್ತದೆ. ಈಗ ಪ್ರೆಸ್ಸಿನಲ್ಲಿ ಒಂದು ಅಟ್ಲಾಸ್ ಇದೆ. ಗೀರುಗಳನ್ನು ಇಮ್ಮಡಿ ಮಾಡಿ, ಓರೆಯಾಗಿ ಹಾಕಿದ್ದೇನೆ. ಮೊದಲ ಹತ್ತು ಹಾಳೆ ಜಗ್ಗಿದೆ, ಏಳು ನಿಂತವು.